ಮೊಟ್ಟೆಯಲ್ಲಿ ಬೆರೆತದ್ದೋ, ಬುಟ್ಟಿಯಲ್ಲಿ ಬೆರೆತದ್ದೋ?

ಕೆಲವು ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಗೊತ್ತಾಗುತ್ತದೆ, ಅಯ್ಯೋ, ಇದು ಒಳಗೇ ಇರಬೇಕಿತ್ತು ಅಂತ. ಕಳೆದ ಗುರುವಾರ ನನ್ನ ಬಾಯಿಂದ ಅಂಥದ್ದೊಂದು ಬಿತ್ತು. ಎರಡೇ ಪದ. ಆ ಎರಡು ಪದದಿಂದ ಒಂದು ಹುಡುಗಿಯ ಎಂ.ಎ. ಸೀಟು ಕೈತಪ್ಪುವುದರಲ್ಲಿತ್ತು.

ನನ್ನ ಅಂಗಡಿ ನಿಮಗೆ ಗೊತ್ತೇ ಇದೆ. ರಾಮನಗರದ ಗೂಡಿನ ಮಾರ್ಕೆಟ್ಟಿನಿಂದ ಎರಡು ತಿರುವು ದಾಟಿದರೆ ಸಿಗುವ ಜೆರಾಕ್ಸ್ ಅಂಗಡಿ. (ಗೂಡು ಅಂದರೆ ರೇಷ್ಮೆ ಗೂಡು. ದೂರದ ಓದುಗರೊಬ್ಬರು ಹಿಂದೊಮ್ಮೆ ಹಕ್ಕಿಗೂಡನ್ನೂ ಮಾರುತ್ತಾರಾ ಅಂತ ಕೇಳಿ ಬರೆದಿದ್ದರು. ಇಲ್ಲ ಸ್ವಾಮಿ.) ಜೆರಾಕ್ಸ್ ಬರೀ ಹೆಸರಿಗೆ. ನಿಜವಾದ ಕಸುಬು ಅರ್ಜಿ ತುಂಬುವುದು. ಐಟಿಐ, ನರ್ಸಿಂಗ್, ಬಿ.ಎಡ್., ಪೊಲೀಸ್ ಕೆಲಸ, ಸೈಟಿನ ಖಾತೆ, ಜಾತಿ ಸರ್ಟಿಫಿಕೇಟು. ಮಾಗಡಿಯಿಂದ ಬರುತ್ತಾರೆ, ಕನಕಪುರದಿಂದಲೂ ಬರುತ್ತಾರೆ. ಅರ್ಜಿ ತುಂಬುವವನಿಗೆ ಎಲ್ಲ ಗೊತ್ತಿರುತ್ತದೆ ಅಂತ ಜನ ನಂಬಿದ್ದಾರೆ. ಇಪ್ಪತ್ತು ವರ್ಷದಿಂದ ಅವರು ನಂಬಿ ನಂಬಿ, ಈಗ ನಾನೂ ನಂಬಿಬಿಟ್ಟಿದ್ದೇನೆ.

ಗುರುವಾರ ಮಧ್ಯಾಹ್ನ ರಿಯಾಜ್ ಮಗಳನ್ನು ಕರೆದುಕೊಂಡು ಬಂದ. ರಿಯಾಜ್ ನನ್ನ ಹೈಸ್ಕೂಲಿನ ಬೆಂಚುಗೆಳೆಯ. ಈಗ ರೀಲರ್. ಅಂದರೆ ಮಾರ್ಕೆಟ್ಟಿನಲ್ಲಿ ಗೂಡು ಕೊಂಡು, ಬೇಯಿಸಿ, ನೂಲು ತೆಗೆಯುವವನು. ಮನೆಯ ಹಿಂದುಗಡೆಯೇ ಅವರಪ್ಪನ ಕಾಲದಿಂದ ಬಂದ ಸಣ್ಣ ಯೂನಿಟ್ಟು. ಮಗಳು ನಸ್ರೀನ್, ಇಲ್ಲೇ ಬಿ.ಎ. ಮುಗಿಸಿದ್ದಾಳೆ. ಹಿಸ್ಟರಿ, ಎಕನಾಮಿಕ್ಸ್, ಕನ್ನಡ. ಕ್ಲಾಸಿಗೇ ಫಸ್ಟು. "ಮುಂದೆ ಓದಿಸ್ತೀರಾ?" ಅಂತ ಯಾರಾದರೂ ಕೇಳಿದರೆ ರಿಯಾಜ್‌ಗೆ ಮೈಯೆಲ್ಲ ಉರಿಯುತ್ತದೆ. "ಓದುಸ್ದೆ? ಉಪ್ಪಿನಕಾಯಿ ಹಾಕ್ಲಾ?" ಅನ್ನುತ್ತಾನೆ.

ಓದಿಸಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಇರಲಿಲ್ಲ. ಯಾವುದನ್ನು ಅನ್ನುವುದೇ ಪ್ರಶ್ನೆ. ಹುಡುಗಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಅಚ್ಚುಕಟ್ಟಾದ ಎಂ.ಎ. ಹಿಸ್ಟರಿ. ಇನ್ನೊಂದರ ಹೆಸರು ಅರ್ಜಿಯ ಚೌಕದೊಳಗೆ ಹಿಡಿಸುತ್ತಲೇ ಇರಲಿಲ್ಲ: 'ಎಂ.ಎ. ಇಂಟರ್‌ಡಿಸಿಪ್ಲಿನರಿ ಸ್ಟಡೀಸ್ ಇನ್ ಹ್ಯುಮ್ಯಾನಿಟೀಸ್'. ಕನ್ನಡದಲ್ಲಿ 'ಅಂತರಶಿಸ್ತೀಯ ಮಾನವಿಕ ಅಧ್ಯಯನ'. (ಕನ್ನಡ ಕೇಳಿದ ಮೇಲೆ ಇಂಗ್ಲಿಷೇ ಸುಲಭ ಅನ್ನಿಸಿತಾ? ನನಗೂ.) ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರ, ತತ್ವಶಾಸ್ತ್ರ, ಜಾನಪದ, ಸ್ವಲ್ಪ ಕಾನೂನು, ಎಲ್ಲ ಒಟ್ಟಿಗೆ. ಶನಿವಾರ ಸಂಜೆ ಐದು ಗಂಟೆಯೊಳಗೆ ಎರಡರಲ್ಲಿ ಒಂದನ್ನು ಕಂಪ್ಯೂಟರಿನಲ್ಲಿ ಒಪ್ಪಿಕೊಳ್ಳಬೇಕು. ಇನ್ನೊಂದು ಆಗಲೇ ಹೋಯಿತು ಅಂತ ಲೆಕ್ಕ. ನಸ್ರೀನಳಿಗೆ ಬೇಕಾಗಿದ್ದು ಉದ್ದ ಹೆಸರಿನದು.

"ಲೇ ಲೋಕೇಶ, ಇದೇನು ಅಂತ ಒಸಿ ಬುಡ್ಸಿ ಹೇಳ್ಲಾ" ಅಂದ ರಿಯಾಜ್.

ಗೊತ್ತಿಲ್ಲ ಕಣಯ್ಯ ಅನ್ನಬಹುದಿತ್ತು. ಅದು ನಿಜವೂ ಆಗಿರುತ್ತಿತ್ತು. ಆದರೆ ಅರ್ಜಿ ತುಂಬುವವನು 'ಗೊತ್ತಿಲ್ಲ' ಅಂದರೆ ಅಂಗಡಿ ನಡೆಯುತ್ತದಾ? ಅದರ ಮೇಲೆ ನನಗೊಂದು ಚಟ ಬೇರೆ. ಯಾರಿಗೆ ಏನು ಹೇಳಿದರೂ ಅವರವರ ಕಸುಬಿನ ಮಾತಿನಲ್ಲೇ ಹೇಳುವ ಚಟ. ಅಂಕಣ ಬರೆಯುವವರಿಗೆಲ್ಲ ಇರುವ ಕಾಯಿಲೆ ಇದು.

"ಏನಿಲ್ಲ ಕಣ್ಲಾ. ಬೆರಕೆ ಲಾಟು" ಅಂದೆ.

ಮುಗಿಯಿತು.

ಮಾರ್ಕೆಟ್ಟು ಗೊತ್ತಿಲ್ಲದವರಿಗೆ ಒಂದು ಮಾತು. ಲಾಟು ಅಂದರೆ ರೈತ ಹರಾಜಿಗೆ ತಂದ ಗೂಡಿನ ರಾಶಿ. ರೀಲರ್‌ಗಳ ಮುಂದೆ ಬೇರೆ ಏನನ್ನಾದರೂ ಅನ್ನಿ, ಬೆರಕೆ ಲಾಟು ಅನ್ನಬೇಡಿ. ಬಿಳಿ ಗೂಡು ಬೇಯುವ ಹದ ಬೇರೆ, ಹಳದಿ ಗೂಡಿನದು ಬೇರೆ. ಎರಡನ್ನೂ ಕಲಸಿ ತಂದ ಲಾಟನ್ನು ಒಂದೇ ಬಿಸಿನೀರಿಗೆ ಹಾಕಿದರೆ ಒಂದು ಬೆಂದು ಗಂಜಿಯಾಗುತ್ತದೆ, ಇನ್ನೊಂದು ಹಸಿಹಸಿಯಾಗೇ ಉಳಿಯುತ್ತದೆ. ಎಳೆ ಹೆಜ್ಜೆಹೆಜ್ಜೆಗೂ ಕಡಿಯುತ್ತದೆ. ಅಂಥ ಲಾಟು ತಂದ ರೈತನ ಮುಖವನ್ನು ರೀಲರ್ ಮರೆಯುವುದಿಲ್ಲ. ಅವನ ಮನೆಯ ಮದುವೆಗೆ ಕರೆದರೂ ಹೋಗುವುದಿಲ್ಲ.

ರಿಯಾಜ್ ಮುಖ ಹುಣಸೆಕಾಯಿ ಕಚ್ಚಿದ ಹಾಗಾಯಿತು. "ಬೆರಕೆನಾ? ಬ್ಯಾಡ ಬ್ಯಾಡ. ಹಿಸ್ಟರಿ ಹಾಕ್ಬುಡು" ಅಂದ.

ನಸ್ರೀನ್ ಮಿಷನ್ ಪಕ್ಕದಲ್ಲೇ ನಿಂತಿದ್ದಳು. ವಾದ ಮಾಡಲಿಲ್ಲ. "ಶನಿವಾರದವರ್ಗೂ ಟೈಮ್ ಐತಲ್ಲ ಅಬ್ಬಾ" ಅಂದಳು, ಅಷ್ಟೇ. ಫೈಲನ್ನು ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದಳು. ಮೂರನೇ ಕ್ಲಾಸಿನಲ್ಲಿ ಭೂಪಟ ಕೊಳ್ಳಲು ಬಂದಾಗಿನಿಂದ ಒಂದು ದಿನವೂ "ಬತ್ತೀನಿ ಅಂಕಲ್" ಅನ್ನದೆ ಹೋದವಳಲ್ಲ. ಅವತ್ತು ಅನ್ನಲಿಲ್ಲ.

ಮನೆಗೆ ಹೋಗಿ ಊಟಕ್ಕೆ ಕೂತು ಹೆಂಡತಿಗೆ ಹೇಳಿದೆ. (ಹೇಳಬಾರದಿತ್ತು. ಆ ಗುರುವಾರವೇ ಹಾಗಿತ್ತು ನೋಡಿ.) ಗಿರಿಜಾ ಚನ್ನಪಟ್ಟಣದ ಕಡೆ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ನಾನು ತಪ್ಪು ಮಾಡಿದಾಗ ಅವಳ ದನಿ ಹತ್ತನೇ ಕ್ಲಾಸಿನ 'ಬಿ' ಸೆಕ್ಷನ್ನಿಗೆ ಕೇಳುವ ಹಾಗಿರುತ್ತದೆ.

"ರೀ, ಅವ್ರು ನಿಮ್ಮನ್ನ ಕೇಳಿದ್ದೇನು? ಅದು ಏನು ಅಂತ. ನೀವು ಹೇಳಿದ್ದೇನು? ಬೇಡ ಅಂತ."

"ಬೇಡ ಅಂತ ನಾನೆಲ್ಲಿ ಅಂದೆ?"

"ರೀಲರ್ ಮುಂದೆ ಬೆರಕೆ ಅಂದ್ಮೇಲೆ ಇನ್ನೇನ್ ಉಳೀತು? ಸುಮ್ನೆ ಜೆರಾಕ್ಸ್ ಹೊಡ್ಕೊಂಡು ಇರೋಕಾಗ್ಲಿಲ್ವಾ ನಿಮ್ಗೆ?"

ನಾನೂ ಬಿಡಲಿಲ್ಲ. ಸುಮ್ಮನೆ ಅಂದ ಮಾತಲ್ಲ ಅದು, ನನಗೂ ಒಂದು ಭಯ ಇತ್ತು. ನಾಳೆ ಈ ಹುಡುಗಿ ಲೆಕ್ಚರರ್ ಕೆಲಸಕ್ಕೆ ಅರ್ಜಿ ಹಾಕುತ್ತಾಳೆ. ಅರ್ಜಿಯಲ್ಲಿ ಒಂದು ಚೌಕ ಇರುತ್ತದೆ: 'ಸಂಬಂಧಪಟ್ಟ ವಿಷಯದಲ್ಲಿ ಸ್ನಾತಕೋತ್ತರ ಪದವಿ'. ಆ ಚೌಕದಲ್ಲಿ ಏನಂತ ತುಂಬಬೇಕು? ಸಂಬಂಧ ಎಲ್ಲದರ ಜೊತೆಗೂ ಇದೆ, ವಿಷಯ ಯಾವುದೂ ಅಲ್ಲ ಅಂತಲಾ? ನಾನು ಚೌಕ ತುಂಬಿ ಬದುಕುವವನು. ಚೌಕ ಖಾಲಿ ಬಿಟ್ಟವರ ಗತಿ ಏನಾಗುತ್ತದೆ ಅಂತ ಕಣ್ಣಾರೆ ಕಂಡಿದ್ದೇನೆ.

"ಅದು ಸರಿಯಾದ ಪ್ರಶ್ನೆ" ಅಂದಳು ಗಿರಿಜಾ, ದನಿ ಇಳಿಸಿ. "ಅದನ್ನ ಆ ಯೂನಿವರ್ಸಿಟಿಯವ್ರನ್ನ ಕೇಳಿ. ಮಗೂನ ಯಾಕೆ ಹೆದರಿಸ್ತೀರಿ? ಮತ್ತೆ, ಬೆರಕೆ ಅಂದ್ರೆ ಅಷ್ಟು ಕೀಳಾದ್ರೆ ತಟ್ಟೇಲಿರೋದನ್ನ ಎತ್ತಿಡ್ತೀನಿ ಬಿಡಿ."

ತಟ್ಟೆಯಲ್ಲಿದ್ದದ್ದು ಮುದ್ದೆ ಮತ್ತು ಬೆರಕೆ ಸೊಪ್ಪಿನ ಸಾರು. ಅಣ್ಣೆ, ಗಣಿಕೆ, ಕಿರಕೀರೆ, ನುಗ್ಗೆ, ಹೊಲದ ಬದುವಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ. ಬರೀ ಒಂದು ಸೊಪ್ಪಿನ ಸಾರಾದರೆ ಒಂದು ಮುದ್ದೆಗೆ ಏಳುವ ನಾನು ಈ ಸಾರಿಗೆ ಎರಡು ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದೆ. ಮಾತು ನಿಲ್ಲಿಸಿ ಉಂಡೆ.

ಶುಕ್ರವಾರ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಮಾರ್ಕೆಟ್ಟಿಗೆ ಹೋದೆ. ಸಾಲು ಸಾಲು ತಟ್ಟೆಗಳಲ್ಲಿ ರೈತರು ಗೂಡು ಸುರಿದುಕೊಂಡು ನಿಂತಿದ್ದರು. ಈಗ ಹರಾಜು ಕೂಗುವವರಿಲ್ಲ, ಎಲ್ಲ ಮೊಬೈಲಿನಲ್ಲಿ. ಆದರೆ ಹರಾಜಿಗೆ ಮೊದಲು ಗೂಡು ನೋಡುವ ರೀತಿ ಮಾತ್ರ ಅಜ್ಜಂದಿರ ಕಾಲದ್ದೇ. ರಿಯಾಜ್ ಮೇಲಿನ ಗೂಡನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಮೊಣಕೈವರೆಗೆ ತೋಳು ಇಳಿಸಿ, ತಳದಿಂದ ಒಂದು ಹಿಡಿ ಎತ್ತುತ್ತಾನೆ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಹುಳ ಕಟಕಟ ಅಂದರೆ ಒಳ್ಳೆಯ ಗೂಡು. ಸದ್ದು ಬರದಿದ್ದರೆ ಒಳಗೆ ಕೊಳೆತಿದೆ ಅಂತ ಅರ್ಥ.

"ರಿಯಾಜ, ನೆನ್ನೆ ಬೆರಕೆ ಅಂದೆನಲ್ಲ, ತಪ್ಪಾಯ್ತು ಕಣ್ಲಾ" ಅಂದೆ.

"ತಪ್ಪೇನ್ಲಾ ಅದ್ರಲ್ಲಿ? ಅಷ್ಟೊಂದ್ ಸಬ್ಜೆಕ್ಟು ತಂದು ಒಂದೇ ತಟ್ಟೆಗೆ ಸುರ್ದವ್ರೆ. ನೀನ್ ಸರ್ಯಾಗೇ ಹೇಳ್ದೆ."

ನಾನು ರಾತ್ರಿಯೇ ಒಂದು ವಾದ ಸಿದ್ಧ ಮಾಡಿಕೊಂಡಿದ್ದೆ. (ಚಟ ಅಂದೆನಲ್ಲ.) "ನಿನ್ ಕೈಲಿರೋದು ಯಾವ ಗೂಡು?"

"ಹಳದಿ. ಮಿಶ್ರತಳಿ."

"ಮಿಶ್ರ ಅಂದ್ರೆ ಎರಡು ಜಾತಿ ಸೇರಿರೋದು ತಾನೆ? ನಿಮ್ಮಪ್ಪನ ಕಾಲದಿಂದ ಇದನ್ನೇ ಬೇಯುಸ್ತಾ ಇದ್ದೀಯ. ಇದು ಬೆರಕೆ ಅಲ್ವಾ?"

ರಿಯಾಜ್ ಜೋರಾಗಿ ನಕ್ಕ. ತಟ್ಟೆಯ ಹಿಂದೆ ನಿಂತಿದ್ದ ಕನಕಪುರದ ರೈತನೂ ನಕ್ಕ.

"ಲೇ ಪೆದ್ದ, ಇದು ಮೊಟ್ಟೇಲಿ ಬೆರ್ತಿರೋದು. ತಾಯಿ ಒಂದ್ ಜಾತಿ, ತಂದೆ ಒಂದ್ ಜಾತಿ. ಹುಟ್ಟಿದ್ ಹುಳ ಒಂದೇ, ಕಟ್ಟಿದ್ ಗೂಡೂ ಒಂದೇ, ಎಳೆನೂ ಒಂದೇ. ಬೆರಕೆ ಲಾಟು ಬುಟ್ಟೀಲಿ ಬೆರ್ತಿರೋದು. ಎರ್ಡೂ ಒಂದೇನೇನ್ಲಾ?"

ಇಂಟರ್‌ಡಿಸಿಪ್ಲಿನರಿ ಅಂದರೇನು ಅಂತ ಹಿಂದಿನ ಸಂಜೆ ಇಂಟರ್‌ನೆಟ್ಟಿನಲ್ಲಿ ಮೂರು ಪುಟ ಓದಿದ್ದೆ. ಇಷ್ಟು ಚೆನ್ನಾಗಿ ಅಲ್ಲಿ ಯಾರೂ ಬರೆದಿರಲಿಲ್ಲ.

"ಹಂಗಾದ್ರೆ ಈ ಕೋರ್ಸು ಮೊಟ್ಟೇಲಿ ಬೆರ್ತಿರೋದೋ, ಬುಟ್ಟೀಲಿ ಬೆರ್ತಿರೋದೋ?"

ಗೂಡು ಅಲ್ಲಾಡಿಸುತ್ತಿದ್ದ ಕೈ ನಿಂತಿತು. "ನಂಗೇನ್ಲಾ ಗೊತ್ತು? ನೀನು ನೋಡಿದ್ದೀಯ ತಾನೆ?"

"ಇಲ್ಲ."

"ನೋಡ್ದೆನೇ ಬೆರಕೆ ಅಂದ್ಬುಟ್ಟಾ?"

"ನೋಡ್ದೆನೇ ನೀನೂ ಬ್ಯಾಡ ಅಂದ್ಬುಟ್ಟೆ."

ಹಿಡಿಯಲ್ಲಿದ್ದ ಗೂಡು ತಟ್ಟೆಗೆ ವಾಪಸ್ ಬಿತ್ತು. ಆಮೇಲೆ ರಿಯಾಜ್ ಕೈ ಕೊಡವಿಕೊಂಡ. "ನಾಳೆ ಬೆಳಗ್ಗೆ ಹೊರ್ಡು. ತಳಕ್ಕೆ ಕೈ ಹಾಕ್ದೆ ಲಾಟು ತಗಂಡೋನಲ್ಲ ನಾನು. ಬುಟ್ಟೋನೂ ಅಲ್ಲ."

ಶನಿವಾರ ಬೆಳಗ್ಗೆ ರಿಯಾಜ್‌ನ ಹಳೇ ವ್ಯಾನಿನಲ್ಲಿ ಮೂವರು ಹೊರಟೆವು. ನಸ್ರೀನ್ ಹಿಂದೆ ಕೂತಿದ್ದಳು, ಅವಳ ಫೈಲು ನನ್ನ ತೊಡೆಯ ಮೇಲಿತ್ತು. ಬೀದಿ ದಾಟುವುದಕ್ಕೇ ಹತ್ತು ನಿಮಿಷ. ನಮ್ಮ ಬೀದಿಯ ಕಥೆ ನಿಮಗೆ ಹಳತು: ನೀರಿನವರು ಅಗೆದರು, ಚರಂಡಿಯವರು ಅದನ್ನೇ ಅಗಲ ಮಾಡಿದರು, ಕೇಬಲ್ಲಿನವರು ಬಂದು ನೋಡಿ ಖುಷಿಪಟ್ಟರು. ಮುಚ್ಚುವುದು ಯಾರ ಕೆಲಸ ಅಂತ ಕೇಳಿದರೆ ಮೂವರೂ ಪಕ್ಕದವರ ಕಡೆ ಬೆರಳು ತೋರಿಸುತ್ತಾರೆ. ಗುಂಡಿ ಮಾತ್ರ ಒಂದೇ. ಬಿಡದಿ ಹತ್ತಿರ ಫ್ಯಾಕ್ಟರಿ ಶಿಫ್ಟಿನ ಬಸ್ಸುಗಳ ಸಾಲು. ತಟ್ಟೆ ಇಡ್ಲಿ ತಿನ್ನೋಣ ಅಂದೆ. "ವಾಪಸ್ ಬರೋವಾಗ" ಅಂದ ರಿಯಾಜ್. ಹೊಟ್ಟೆ ತುಂಬಿದವರಿಗೆ ಎಲ್ಲ ಲಾಟೂ ಚೆನ್ನಾಗಿ ಕಾಣುತ್ತದಂತೆ.

ಯೂನಿವರ್ಸಿಟಿಯಲ್ಲಿ ಕೋರ್ಸಿನ ಉಸ್ತುವಾರಿ ಮೇಡಂ ಕುರ್ಚಿ ಕೊಟ್ಟರು, ಟೀ ತರಿಸಿದರು, ಒಂದು ಮಿರಮಿರ ಮಿಂಚುವ ಪುಸ್ತಿಕೆ ಕೊಟ್ಟರು. ಮರದಡಿ ಕೂತು ನಗುವ ಹುಡುಗ ಹುಡುಗಿಯರ ಫೋಟೋ. ರಿಯಾಜ್ ಅದನ್ನು ಮರ್ಯಾದೆಯಿಂದ ತೆಗೆದುಕೊಂಡು, ಮರ್ಯಾದೆಯಿಂದಲೇ ವಾಪಸ್ ಮೇಜಿನ ಮೇಲಿಟ್ಟ.

"ಮೇಡಂ, ತಪ್ಪು ತಿಳ್ಕೊಬ್ಯಾಡಿ. ಇದು ಮೇಲ್ಗಡೆ ಗೂಡು. ಮೇಲ್ಗಡೆಗೆ ಎಲ್ರೂ ಚೆಂದಾಗಿರೋದ್ನೇ ಇಡೋದು."

ಮೇಡಂ ನನ್ನ ಮುಖ ನೋಡಿದರು. ನಾನು ಮಾರ್ಕೆಟ್ಟಿನ ಪದ್ಧತಿ ವಿವರಿಸಿದೆ. ಸಿಟ್ಟು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ, ನಕ್ಕರು. "ಕ್ಯಾಂಟೀನ್ ಹಿಂದುಗಡೆ ಇದೆ. ಎರಡನೇ ವರ್ಷದವರು ಇರ್ತಾರೆ. ಯಾರನ್ನ ಬೇಕಾದ್ರೂ ಕೇಳಿ. ನಾನು ಜೊತೆಗೆ ಬರಲ್ಲ, ಬಂದ್ರೆ ಅವರು ನಿಜ ಹೇಳಲ್ಲ" ಅಂದರು.

ನಸ್ರೀನ್ ನಾಚಿಕೆಯಿಂದ ಕಾರಿಡಾರಿನಲ್ಲೇ ಉಳಿದಳು. ನಾವಿಬ್ಬರು ಹೋದೆವು. ಬಾಗಿಲ ಹತ್ತಿರವೇ ಕೂತಿದ್ದ ಚುರುಕಾದ ಹುಡುಗ ತಾನಾಗಿಯೇ ಎದ್ದು ಬಂದ. "ಈ ಕೋರ್ಸು ನಮಗೆ ಒಂದು ಹೊಲಿಸ್ಟಿಕ್ ಪರ್ಸ್ಪೆಕ್ಟಿವ್ ಕೊಡುತ್ತೆ ಅಂಕಲ್" ಅಂದ.

"ಅಂಗಂದ್ರೆ?"

"ಅಂದ್ರೆ... ಹೊಲಿಸ್ಟಿಕ್ ಆಗಿ ನೋಡೋದು."

ರಿಯಾಜ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಸದ್ದು ಬತ್ತಿಲ್ಲ ಕಣ್ಲಾ."

ಒಳಗಡೆ ಕೊನೆಯ ಟೇಬಲ್ಲಿಗೆ ನಡೆದ. ಅಲ್ಲಿ ಇಬ್ಬರು ಹುಡುಗಿಯರು ಒಂದೇ ತಟ್ಟೆಯ ಚಿತ್ರಾನ್ನ ಹಂಚಿಕೊಂಡು ತಿನ್ನುತ್ತಿದ್ದರು. ಒಬ್ಬಳು ಮುಚ್ಚುಮರೆಯಿಲ್ಲದೆ ಹೇಳಿದಳು. ಮೊದಲ ಸೆಮಿಸ್ಟರ್ ಏನೂ ಅರ್ಥವಾಗಲಿಲ್ಲವಂತೆ. ರಾಶಿ ರಾಶಿ ಇಂಗ್ಲಿಷ್ ಪುಟ ಓದಬೇಕಂತೆ. ಬಾತ್‌ರೂಮಿನಲ್ಲಿ ಅತ್ತಿದ್ದಳಂತೆ, ಜೊತೆಯವನೊಬ್ಬ ಬಿಟ್ಟೇ ಹೋದನಂತೆ. ಮುಂದೆ ಏನು ಕೆಲಸ ಅಂದರೆ "ಇನ್ನೂ ಗೊತ್ತಿಲ್ಲ ಅಂಕಲ್" ಅಂದಳು. ಇದನ್ನೆಲ್ಲ ಕೇಳಿ ರಿಯಾಜ್ ಓಡಿಹೋಗಬೇಕಿತ್ತು ತಾನೆ? ಕುರ್ಚಿ ಎಳೆದುಕೊಂಡು ಕೂತ. ಸದ್ದು ಬಂದಿತ್ತು.

ಇನ್ನೊಬ್ಬಳು ಪವಿತ್ರ. ಮಾಗಡಿ ತಾಲ್ಲೂಕು, ಕೆಂಪಾಪುರದ ಹತ್ತಿರದವಳು. ನಮ್ಮ ಕಡೆಯವರು ಅಂತ ಗೊತ್ತಾದ ಕೂಡಲೇ ಅವಳ ಕಾಲೇಜಿನ ಕನ್ನಡ ಮಾಯವಾಗಿ ಊರಿನ ಕನ್ನಡ ಬಂತು.

"ನಾನು ನಮ್ಮೂರ್ ಕೆರೆ ಮ್ಯಾಲೆ ಬರೀತಾ ಇವ್ನಿ ಅಂಕಲ್. ಏರಿ ಮ್ಯಾಲೆ ಒಂದ್ ಶಾಸನದ ಕಲ್ಲೈತೆ, ಅದ್ನ ಓದೋಕೆ ಹಿಸ್ಟರಿ ಬೇಕು. ನೀರು ಯಾರ್ ಗದ್ದೆಗ್ ಮೊದ್ಲು ಬುಡ್ತಿದ್ರು, ಯಾರ್ಗೆ ಬುಡ್ತಿರ್ನಿಲ್ಲ, ಅದ್ಕೆ ಸೋಶಿಯಾಲಜಿ. ಕೋಡಿ ಬಿದ್ದಾಗ ನಮ್ಮಜ್ಜಿ ಹೇಳ್ತಿದ್ ಪದ ಐತಲ್ಲ, ಅದು ಜಾನಪದ. ಈಗ ಲೇಔಟ್‌ನೋರು ಬಂದವ್ರೆ, ಅದ್ಕೆ ಕಾನೂನು."

"ಅಂದ್ರೆ ನಾಕು ಕೆಲ್ಸ ಮಾಡ್ತಾ ಇದ್ದೀಯ ಅನ್ನವ್ವ" ಅಂದ ರಿಯಾಜ್.

"ಇಲ್ಲ ಅಂಕಲ್, ಒಂದೇ. ಕೆರೆ ಒಂದೇ ಅಲ್ವಾ?"

ರಿಯಾಜ್ ನನ್ನ ಕಡೆ ತಿರುಗಿದ. "ಮೊಟ್ಟೇಲಿ" ಅಂದ.

ಗೆದ್ದೆವು ಅಂದುಕೊಂಡೆ. ಎಲ್ಲಿ? ರೀಲರ್ ಅಷ್ಟು ಸುಲಭಕ್ಕೆ ಹರಾಜಿನ ಮೊಬೈಲಿನ ಮೇಲೆ ಬೆರಳು ಒತ್ತುವುದಿಲ್ಲ. ಮೇಡಂ ಕೋಣೆಗೆ ವಾಪಸ್ ಬಂದು, ಮಗಳನ್ನೂ ಒಳಗೆ ಕರೆದು ಕೂರಿಸಿಕೊಂಡು, ನನ್ನ ಚೌಕದ ಪ್ರಶ್ನೆಯನ್ನೇ ಇಟ್ಟ. ನಾಳೆ ಕೆಲಸಕ್ಕೆ ಅರ್ಜಿ ಹಾಕುವಾಗ ಇವಳು ಯಾವ ಡಿಪಾರ್ಟ್‌ಮೆಂಟಿನವಳು?

ಮೇಡಂ ಮರೆಮಾಚಲಿಲ್ಲ. "ಕೆಲವು ಕಡೆ ತೊಂದರೆ ಆಗುತ್ತೆ. ನೇರ ಹಿಸ್ಟರಿ ಎಂ.ಎ. ಬೇಕು ಅಂತ ಬರೆದಿರೋ ಜಾಗಕ್ಕೆ ಇವಳ ಅರ್ಜಿ ತಗೊಳ್ಳದೇ ಇರಬಹುದು. ಬೇರೆ ದಾರಿಗಳೂ ಇವೆ. ಆದರೆ ತೊಂದರೆ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ" ಅಂದರು.

ಕಲೆ ಬಿದ್ದ ಗೂಡನ್ನು ತಾನಾಗಿಯೇ ಎತ್ತಿ ತೋರಿಸುವ ರೈತನ ಮೇಲೆ ರಿಯಾಜ್‌ಗೆ ಗೌರವ ಜಾಸ್ತಿ. ತಲೆ ಆಡಿಸಿದ. ಆದರೆ ಮುಖ ಬಾಡಿತು. ಗಡಿಯಾರ ಒಂದೂವರೆ ತೋರಿಸುತ್ತಿತ್ತು. "ಕೋರ್ಸೇನೋ ಚೆಂದಾಗೈತೆ ಮೇಡಂ. ಆದ್ರೆ ನನ್ ಮಗ್ಳು ನಾಳೆ ಬಾಗ್ಲಲ್ಲಿ ನಿಂತ್ಕೊಂಡು ಒಳಿಕ್ಕೂ ಇಲ್ಲ ಹೊರಿಕ್ಕೂ ಇಲ್ಲ ಅನ್ನಂಗ್ ಆಗ್ಬಾರ್ದು. ಹಿಸ್ಟರಿನೇ ವಾಸಿ ಅನ್ನುಸ್ತದೆ" ಅಂದ. ನಸ್ರೀನ್ ತನ್ನ ಚಪ್ಪಲಿ ನೋಡುತ್ತಾ ಕೂತಳು. ತಪ್ಪು ಯಾರದೂ ಅಲ್ಲ. ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು.

ಆಗ ಮೇಡಂ ಕೇಳಿದರು: "ನಿಮ್ಮ ಮಗಳು ಅರ್ಜಿ ಜೊತೆ ಬರೆದಿದ್ದನ್ನ ಓದಿದ್ದೀರಾ?"

ರಿಯಾಜ್ ನನ್ನನ್ನು ನೋಡಿದ. ನಾನು ಫೈಲನ್ನು ನೋಡಿದೆ.

ಓದುಗರೇ, ಆ ಕಾಗದವನ್ನು ಸ್ಕ್ಯಾನ್ ಮಾಡಿದವನು ನಾನು. ಅಪ್‌ಲೋಡ್ ಮಾಡಿದವನು ನಾನು. ಮೂರು ಕಾಪಿ ತೆಗೆದು, ಪಿನ್ನು ಹೊಡೆದವನೂ ನಾನೇ. ಅಂಚು ಸರಿಯಾಗಿ ಬಂದಿದೆಯಾ ಅಂತ ನೋಡಿದ್ದೆ. ಒಂದು ಸಾಲೂ ಓದಿರಲಿಲ್ಲ. ಬೆಳಗ್ಗಿನಿಂದ ಅದು ನನ್ನ ತೊಡೆಯ ಮೇಲೇ ಇತ್ತು, ಮಾರ್ಕ್ಸ್ ಕಾರ್ಡು, ಟಿ.ಸಿ., ಫೋಟೋ ಎಲ್ಲದರ ಕೆಳಗೆ, ಫೈಲಿನ ತಳದಲ್ಲಿ.

"ಬ್ಯಾಡ ಅಂಕಲ್" ಅಂದಳು ನಸ್ರೀನ್ ತಟ್ಟನೆ. ಮೂರು ದಿನದಲ್ಲಿ ಅವಳು ನನಗೆ ಹೇಳಿದ ಮೊದಲ ಮಾತು.

"ಯಾಕ್ ಬ್ಯಾಡ?" ಅಂದ ರಿಯಾಜ್. "ಕನ್ನಡಕ ತಂದಿಲ್ಲ ನಾನು. ಓದ್ಲಾ ಲೋಕೇಶ."

ಓದಿದೆ. ದುಂಡು ದುಂಡಾದ ಕನ್ನಡ ಅಕ್ಷರ.

'ನನ್ನ ದಾದಿಗೆ, ಅಂದರೆ ಅಬ್ಬಾರ ತಾಯಿಗೆ, ಬೆರಳಚ್ಚು ಇಲ್ಲ. ಮೂವತ್ತು ವರ್ಷ ಬಿಸಿನೀರಿನಲ್ಲಿ ಕೈಯಾಡಿಸಿ ರೇಷ್ಮೆಯ ಎಳೆ ಹುಡುಕಿ ಅವರ ಬೆರಳ ತುದಿಗಳು ನುಣ್ಣಗಾಗಿವೆ. ರೇಷನ್ ಅಂಗಡಿಯ ಮಿಷನ್ನು ಅವರನ್ನು ಗುರುತಿಸುವುದಿಲ್ಲ. ನಾನು ಹೆಬ್ಬೆಟ್ಟು ಒತ್ತುತ್ತೇನೆ, ಅಕ್ಕಿ ಸಿಗುತ್ತದೆ. ಆದರೂ ದಾದಿ ಪ್ರತಿ ತಿಂಗಳು ನನ್ನ ಜೊತೆ ಬಂದು, ಮೊದಲು ತಾವೇ ಒತ್ತಿ ನೋಡುತ್ತಾರೆ. ಕೆಂಪು ದೀಪ ಬಂದಾಗ ಸುತ್ತ ನಿಂತವರನ್ನು ನೋಡಿ ನಗುತ್ತಾರೆ.

'ಇದು ಯಾವ ವಿಷಯ ಎಂದು ನನ್ನ ಮೇಷ್ಟ್ರುಗಳನ್ನು ಕೇಳಿದೆ. ಇತಿಹಾಸದವರು ಅರ್ಥಶಾಸ್ತ್ರದವರನ್ನು ಕೇಳು ಎಂದರು. ಅರ್ಥಶಾಸ್ತ್ರದವರು ಇದು ಕಾನೂನಿಗೆ ಸೇರಿದ್ದು ಎಂದರು. ಕನ್ನಡದವರು ಕಥೆ ಬರೆಯಮ್ಮ ಎಂದರು. ಎಲ್ಲರೂ ಒಳ್ಳೆಯವರೇ. ಆದರೆ ದಾದಿಯನ್ನು ನಾಲ್ಕು ಕೋಣೆಗಳಲ್ಲಿ ನಾಲ್ಕು ತುಂಡು ಮಾಡಿ ಕೂರಿಸಲು ನನಗೆ ಆಗುವುದಿಲ್ಲ.

'ಆ ಬಿಸಿನೀರಿನ ಬೇಸಿನ್ ನಮ್ಮ ಮನೆಯದೇ. ಅದರಿಂದಲೇ ಉಂಡಿದ್ದೇನೆ, ಓದಿದ್ದೇನೆ. ನನ್ನ ಅಬ್ಬಾರನ್ನು ದೂರುವುದಕ್ಕಾಗಿ ನಾನು ಓದುತ್ತಿಲ್ಲ. ಅದನ್ನು ಬಿಟ್ಟು ಬೇರೇನನ್ನೋ ಓದಲೂ ನನಗೆ ಮನಸ್ಸಿಲ್ಲ.'

ಕಾಗದವನ್ನು ಮೇಜಿನ ಮೇಲಿಟ್ಟೆ. ನಾಚಿಕೆ ಯಾಕೆ, ಹೇಳಿಬಿಡುತ್ತೇನೆ, ಕಣ್ಣು ತುಂಬಿತ್ತು. ರಿಯಾಜ್ ತನ್ನ ಎರಡು ಅಂಗೈಗಳನ್ನೂ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದ.

"ಅಮ್ಮ ನಗ್ತಾರೆ ಅಂತ ಬರ್ದಿದ್ದೀಯಲ್ಲ. ನಿಜ್ವಾ?" ಅಂದ ಕೊನೆಗೆ.

"ಹೂಂ ಅಬ್ಬಾ. ಪ್ರತಿ ಸಲ."

"ನಾನ್ ಒಂದಿನಾನೂ ಜೊತೇಲಿ ಹೋಗ್ಲಿಲ್ಲ."

ಅವಳು ಮೇಜಿನ ಮೇಲಿದ್ದ ಕಾಗದವನ್ನು ಎತ್ತಿ ಫೈಲಿಗೆ ಸೇರಿಸಿದಳು.

"ನನ್ ವಿಷ್ಯನೂ ಬರೀತೀಯಾ ಅದ್ರಲ್ಲಿ?"

"ಬರೀಬೇಕಾಯ್ತದೆ ಅಬ್ಬಾ" ಅಂದಳು. ಈ ಸಲ ಚಪ್ಪಲಿ ನೋಡಲಿಲ್ಲ.

"ಬರಿ. ಇದ್ದಿದ್ ಇದ್ದಂಗ್ ಬರಿ. ಆ ಬೇಸಿನ್ ಇಲ್ದಿದ್ರೆ ನಾವ್ಯಾರೂ ಇರ್ತಿರ್ನಿಲ್ಲ, ಅದ್ನೂ ಬರಿ." ಎದ್ದು ಮೇಡಂಗೆ ಕೈ ಮುಗಿದ. "ಬತ್ತೀವಿ ಮೇಡಂ. ಐದು ಗಂಟೆಗ್ ಟೈಮ್ ಮುಗೀತದೆ."

ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಈ ಸಲವೂ ನಿಲ್ಲಿಸಲಿಲ್ಲ. (ನನ್ನ ಹಣೆಬರಹ.) ಅಂಗಡಿಗೆ ಬಂದಾಗ ನಾಲ್ಕೂಕಾಲು. ಕರೆಂಟು ಇರಲಿಲ್ಲ, ಇರಬೇಕಾದಾಗ ಅದು ಎಲ್ಲಿರುತ್ತದೆ? ಯುಪಿಎಸ್ ಕುಯ್ಯೋ ಮರ್ರೋ ಅನ್ನುತ್ತಾ ಕಂಪ್ಯೂಟರ್ ಎಬ್ಬಿಸಿತು. ಪರದೆಯ ಮೇಲೆ ಎರಡು ಹೆಸರು, ಒಂದು ಗಿಡ್ಡ, ಒಂದು ಉದ್ದ. ಅಭ್ಯಾಸಬಲದಿಂದ ನನ್ನ ಕೈ ಮೌಸಿಗೆ ಹೋಯಿತು. ಎಳೆದುಕೊಂಡೆ. ಮೌಸನ್ನು ನಸ್ರೀನ್ ಕಡೆ ತಳ್ಳಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅರ್ಜಿಯ ಯಜಮಾನರೇ ಬಟನ್ ಒತ್ತಿದರು, ಉದ್ದ ಹೆಸರಿನ ಮೇಲೆ. ಹೊರಡುವಾಗ "ಬತ್ತೀನಿ ಅಂಕಲ್" ಅಂದಳು.

ಹಾಗಂತ ಉದ್ದ ಹೆಸರಿನ ಕೋರ್ಸುಗಳಿಗೆಲ್ಲ ಮಕ್ಕಳನ್ನು ಸೇರಿಸಿ ಅಂತ ನಾನು ಹೇಳುತ್ತಿಲ್ಲ. ಬುಟ್ಟಿಯಲ್ಲಿ ಬೆರೆಸಿ, ಮೇಲೆ ಮಿಂಚುವ ಪುಸ್ತಿಕೆ ಹೊದಿಸಿ ಮಾರುವವರೂ ಇದ್ದಾರು. ಆ ಕೆಲಸದ ಚೌಕ ನಾಳೆ ಇವಳಿಗೆ ತೊಂದರೆ ಕೊಟ್ಟರೂ ಕೊಟ್ಟೀತು. ಆಗ ನನ್ನ ಅಂಗಡಿಗೇ ಬರುತ್ತಾಳೆ, ಇಬ್ಬರೂ ಸೇರಿ ತಲೆ ಕೆರೆದುಕೊಳ್ಳುತ್ತೇವೆ. ನನಗೆ ಗೊತ್ತಾಗಿದ್ದು ಇಷ್ಟೇ: ನಾವಿಬ್ಬರು ಗಂಡಸರು ಮೂರು ದಿನ ಎಲ್ಲರನ್ನೂ ಅಲ್ಲಾಡಿಸಿ ನೋಡಿದೆವು. ಹುಡುಗಿಯನ್ನು "ನಿನಗೆ ಇದು ಯಾಕೆ ಬೇಕು?" ಅಂತ ಒಂದು ಸಲವೂ ಕೇಳಿರಲಿಲ್ಲ.

ರಿಯಾಜ್ ಆ ಕಾಗದದ ಇನ್ನೊಂದು ಕಾಪಿ ತೆಗೆಸಿಕೊಂಡ, ಅಮ್ಮನಿಗೆ ಓದಿ ಹೇಳಲು. ಭಾನುವಾರ ನಾನೂ ಹೋಗಿದ್ದೆ. ಅಜ್ಜಿ ಮಂಚದ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು. ರಿಯಾಜ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ, ಅಲ್ಲಲ್ಲಿ ಉರ್ದುವಿನಲ್ಲಿ ಬಿಡಿಸಿ ಹೇಳಿದ. ಮುಗಿದ ಮೇಲೆ ಅಜ್ಜಿ ಮೊಮ್ಮಗಳ ತಲೆ ಸವರಿದರು. ಆಮೇಲೆ ತಮ್ಮ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡು, ಎಲ್ಲಾ ಅರ್ಜಿ ಬಲ್ಲವನು ಅಂತ ನನ್ನನ್ನೇ ಕೇಳಿದರು:

"ಎಲ್ಲಾ ಸರಿ ಕಣಪ್ಪ ಲೋಕೇಶ. ಇವ್ಳು ಎರ್ಡು ವರ್ಷ ಓದಿ ಮುಗುಸ್ದ ಮ್ಯಾಲೆ ಆ ಮಿಷನ್ನು ನನ್ ಹೆಬ್ಬೆಟ್ಟು ಹಿಡೀತದಾ?"

ಈ ಪ್ರಶ್ನೆ ಯಾವ ಡಿಪಾರ್ಟ್‌ಮೆಂಟಿಗೆ ಸೇರಿದ್ದು, ನಿಮಗೇನಾದರೂ ಗೊತ್ತಾ?